ಹೋದ ಫೇಸಿನ ಅಲೆ ಮೇಜಿನ ಮೇಲೆ: ಸೂತ್ರ ಬರೆದು ತರುವುದು ಹೇಗೆ?

ಪ್ರಶ್ನೆ: ಚಿಂತಾಮಣಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಮೂರು ಫೇಸಿನಲ್ಲಿ (ಕರೆಂಟಿನ ಮೂರು ಲೈನ್) ಒಂದು ಹೋದಾಗ ಬೋರ್‌ವೆಲ್ ಮೋಟಾರ್ ಸುಡದಂತೆ ಸ್ಟಾರ್ಟರ್ ಪ್ಯಾನೆಲ್‌ಗೆ ಹಾಕುವ ಒಂದು ಎಲೆಕ್ಟ್ರಾನಿಕ್ ಕಾರ್ಡ್ ಮಾಡಿದ್ದೇನೆ. ಅಂಗಡಿಯಲ್ಲಿ ಸ್ವಿಚ್ ಒತ್ತಿ ಒಂದು ಫೇಸ್ ತೆಗೆದರೆ ತಕ್ಷಣ ಟ್ರಿಪ್ ಆಗುತ್ತದೆ. ಹೊಲದಲ್ಲಿ ಕೆಲವು ಸಲ ಆಗುವುದೇ ಇಲ್ಲ. ಇದರಿಂದ ಎರಡು ಮೋಟಾರ್ ಸುಟ್ಟವು. ನನ್ನ ಫಂಕ್ಷನ್ ಜನರೇಟರ್‌ನಲ್ಲಿ ಸೈನ್, ಸ್ಕ್ವೇರ್, ಟ್ರಯಾಂಗಲ್ ಬಿಟ್ಟರೆ ಬೇರೆ ಅಲೆ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಸೂತ್ರ ಬರೆದು ಬೇಕಾದ ಅಲೆ ತೆಗೆಯಬಹುದಂತೆ. ಯಾವ ಸಾಫ್ಟ್‌ವೇರ್? ಹೇಗೆ? ದುಬಾರಿ ಯಂತ್ರ ಕೊಳ್ಳಲೇಬೇಕಾ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ಸಾಫ್ಟ್‌ವೇರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು, ನಿಮ್ಮ ಅಂಗಡಿಯ ಸ್ವಿಚ್ಚು ಮಾಡುವುದು ಒಂದು, ಹೊಲದಲ್ಲಿ ನಡೆಯುವುದು ಇನ್ನೊಂದು. ಆ ವ್ಯತ್ಯಾಸ ಗೊತ್ತಿಲ್ಲದೆ ಸೂತ್ರ ಬರೆಯಲು ಕೂತರೆ ಮತ್ತೆ ಅದೇ ಸ್ವಿಚ್ಚನ್ನೇ ಕಂಪ್ಯೂಟರ್‌ನಲ್ಲಿ ಬರೆದಿರುತ್ತೀರಿ, ಅಷ್ಟೆ.

ಸ್ವಿಚ್ ತೆಗೆದಾಗ ಆ ಫೇಸ್ ನೇರ ಸೊನ್ನೆಗೆ ಬೀಳುತ್ತದೆ. ಇದನ್ನು ಎಂಥ ಕಾರ್ಡ್ ಬೇಕಾದರೂ ಹಿಡಿಯುತ್ತದೆ. ಈಗ ಹೊಲಕ್ಕೆ ಬನ್ನಿ. ಮೋಟಾರ್ ಓಡುತ್ತಿದೆ, ಟಿಸಿ (ಕಂಬದ ಟ್ರಾನ್ಸ್‌ಫಾರ್ಮರ್) ಹತ್ತಿರ ಆರ್, ವೈ, ಬಿ ಅನ್ನುವ ಮೂರು ಫೇಸಿನಲ್ಲಿ ವೈ ಫೇಸಿನ ಫ್ಯೂಸ್ ಹೋಯಿತು. ಮೋಟಾರ್ ನಿಲ್ಲುವುದಿಲ್ಲ. ಉಳಿದ ಎರಡು ಫೇಸಿನಲ್ಲೇ ಜಾಸ್ತಿ ಕರೆಂಟು ಎಳೆದುಕೊಂಡು, ಬಿಸಿಯಾಗುತ್ತಾ ತಿರುಗುತ್ತಿರುತ್ತದೆ. ಹಾಗೆ ತಿರುಗುವ ರೋಟರ್ ಹೋದ ಫೇಸಿನ ವೈಂಡಿಂಗ್‌ನಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಲೋಡ್ ಕಡಿಮೆ ಇದ್ದರೆ ಅದು ಅಸಲಿ ವೋಲ್ಟೇಜಿಗೆ ತುಂಬಾ ಹತ್ತಿರ. ನಿಮ್ಮ ಕಾರ್ಡ್ ನೋಡುತ್ತದೆ, ಮೂರೂ ಫೇಸ್ ಇವೆ ಅನಿಸುತ್ತದೆ, ಸುಮ್ಮನಿರುತ್ತದೆ. ಒಳಗೆ ವೈಂಡಿಂಗ್ ಬೇಯುತ್ತಿರುತ್ತದೆ.

ನಿಮ್ಮ ಮೋಟಾರ್ ಆಫ್ ಆಗಿದ್ದರೂ ಈ ಮೋಸ ತಪ್ಪಿದ್ದಲ್ಲ. ಅದೇ ಟಿಸಿಯ ಮೇಲೆ ಪಕ್ಕದ ತೋಟದವರ ಮೋಟಾರ್ ಓಡುತ್ತಿದ್ದರೆ, ಅದು ಹುಟ್ಟಿಸಿದ ವೋಲ್ಟೇಜ್ ಅದೇ ತಂತಿ ಹಿಡಿದು ನಿಮ್ಮ ಪ್ಯಾನೆಲ್‌ವರೆಗೂ ಬರುತ್ತದೆ. ಕೈವಾರದ ಕಡೆ ಸರಿಯಾಗಿ ಕೆಲಸ ಮಾಡಿದ ಕಾರ್ಡು ಇನ್ನೊಂದು ಊರಿನಲ್ಲಿ ಕೈಕೊಡುವುದು ಹೀಗೇ. ಕಾರ್ಡ್ ಬದಲಾಗಿಲ್ಲ, ನೆರೆಯವರು ಬದಲಾಗಿದ್ದಾರೆ.

ಇನ್ನೊಂದು ಸ್ಥಿತಿ ಇದೆ, ಅದು ಲೆಕ್ಕಕ್ಕೆ ಬಹಳ ಚಂದ. ಫೇಸ್ ಮೊದಲೇ ಹೋಗಿದೆ, ಆಮೇಲೆ ಯಾರೋ ಸ್ಟಾರ್ಟರ್ ಒತ್ತಿದರು. ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಆಗ ಹೋದ ಫೇಸಿನ ತುದಿ ಎರಡು ವೈಂಡಿಂಗ್‌ಗಳ ನಟ್ಟನಡುವೆ ತೇಲುತ್ತಿರುತ್ತದೆ. ಅಂದರೆ ಅಲ್ಲಿ ಕಾಣುವುದು ಆರ್ ಮತ್ತು ಬಿ ಎರಡರ ಸರಾಸರಿ. ಮೂರೂ ಫೇಸ್ ಕೂಡಿದರೆ ಸೊನ್ನೆ ಅಲ್ವಾ? ಹಾಗಾಗಿ ಆರ್ ಮತ್ತು ಬಿ ಕೂಡಿದರೆ ಮೈನಸ್ ವೈ. ಅದರ ಅರ್ಧ, ಮೈನಸ್ ಅರ್ಧ ವೈ. ನ್ಯೂಟ್ರಲ್‌ನಿಂದ ಅಳೆದರೆ 230 ಇರಬೇಕಾದಲ್ಲಿ 115 ವೋಲ್ಟ್, ಅದೂ ತಲೆಕೆಳಗಾಗಿ. ಟ್ರಿಪ್ ಮಿತಿಯನ್ನು 100 ವೋಲ್ಟ್‌ಗೆ ಇಟ್ಟಿದ್ದರೆ ಕಾರ್ಡ್ ಪಾಸ್ ಅನ್ನುತ್ತದೆ. ನೀವು ನ್ಯೂಟ್ರಲ್ ಎಳೆಯದೆ ಮೂರು ರೆಸಿಸ್ಟರ್ ಸೇರಿಸಿ ಸುಳ್ಳು ನ್ಯೂಟ್ರಲ್ ಮಾಡಿದ್ದರೆ ಕತೆಯೇ ಬೇರೆ. ಅದೇ ಸ್ಥಿತಿಯಲ್ಲಿ ವೈ ಸೊನ್ನೆ ತೋರುತ್ತದೆ, ಉಳಿದೆರಡು 0.866 ಪಟ್ಟಿನಷ್ಟಕ್ಕೆ ಇಳಿಯುತ್ತವೆ. ನಿಮ್ಮದು ಯಾವ ಬಗೆಯದು ಅಂತ ನೋಡಿ ಸೂತ್ರ ಬರೆಯಿರಿ.

ಈಗ ಸೂತ್ರಗಳು. ಆರ್ ಫೇಸ್ ಅಂದರೆ ಸೈನ್(2 × ಪೈ × 50 × ಕಾಲ). ವೈ ಅಂದರೆ ಅದೇ, ಆವರಣದೊಳಗೆ 2 × ಪೈ ÷ 3 ಕಳೆಯಬೇಕು. ಬಿಗೆ 4 × ಪೈ ÷ 3 ಕಳೆಯಬೇಕು. ಕಾಲ ಸೆಕೆಂಡಿನಲ್ಲಿ. ನಿಂತ ಮೋಟಾರ್‌ಗೆ ವೈ ಜಾಗದಲ್ಲಿ ಮೈನಸ್ 0.5 × ವೈ ಬರೆಯಿರಿ. ಓಡುವ ಮೋಟಾರ್‌ಗೆ ವೈಯನ್ನು ಒಂದಕ್ಕಿಂತ ಸ್ವಲ್ಪ ಕಡಿಮೆ ಸಂಖ್ಯೆಯಿಂದ ಗುಣಿಸಿ, ಕೋನವನ್ನು ಸ್ವಲ್ಪ ಹಿಂದಕ್ಕೆ ತಳ್ಳಿ. ನಾನಾದರೆ 0.9 ಮತ್ತು 10 ಡಿಗ್ರಿಯಿಂದ ಶುರು ಮಾಡುತ್ತೇನೆ, ಆಮೇಲೆ ಹೊಲದಲ್ಲಿ ಅಳೆದದ್ದಕ್ಕೆ ತಕ್ಕಂತೆ ತಿದ್ದುತ್ತೇನೆ. ಮೂರನೇ ಸೆಕೆಂಡಿನಲ್ಲಿ ಫೇಸ್ ಹೋಗಬೇಕಾದರೆ ಒಂದು ಷರತ್ತು ಸಾಕು: ಕಾಲ 3ಕ್ಕಿಂತ ಕಡಿಮೆ ಇದ್ದರೆ ಹಳೆಯ ವೈ, ಇಲ್ಲದಿದ್ದರೆ ಹೊಸ ವೈ. ವೋಲ್ಟೇಜ್ ಕುಸಿತ ಬೇಕಾದರೆ ಮೂರನ್ನೂ ಆ ಹೊತ್ತಿಗೆ ಮಾತ್ರ 0.7ರಿಂದ ಗುಣಿಸಿ.

ಸೂತ್ರ ಅಷ್ಟೇ. ಕಷ್ಟ ಇರುವುದು ಮುಂದೆ. ಯಂತ್ರಕ್ಕೆ ಸೂತ್ರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅಂಕಿಗಳ ಪಟ್ಟಿ ಮಾತ್ರ. ಸೂತ್ರದಿಂದ ಪಟ್ಟಿ, ಪಟ್ಟಿಯಿಂದ ವೋಲ್ಟ್. ನಾನು ನೋಡಿರುವ ತಪ್ಪುಗಳೆಲ್ಲ ಈ ಎರಡು ದಾಟಿನಲ್ಲೇ ಆಗಿರುವುದು.

ಮೊದಲ ಸಲ ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್‌ನಲ್ಲೇ ಮಾಡಿ ನೋಡಿ. ಒಂದು ಕಾಲಂನಲ್ಲಿ ಕ್ರಮಸಂಖ್ಯೆ, ಪಕ್ಕದಲ್ಲಿ ಅದನ್ನು 48000ದಿಂದ ಭಾಗಿಸಿದ ಕಾಲ, ಆಮೇಲೆ ಮೂರು ಫೇಸ್. 48000 ಯಾಕೆ ಅಂದರೆ ಅಲೆಯನ್ನು ಹೊರಗೆ ತರುವುದು ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದ, ಅದು ಸೆಕೆಂಡಿಗೆ ಅಷ್ಟು ಅಂಕಿ ಹೊರಗೆ ಬಿಡುತ್ತದೆ. 50 ಹರ್ಟ್ಜ್‌ನ ಒಂದು ಸೈಕಲ್ 20 ಮಿಲಿಸೆಕೆಂಡ್, ಅಂದರೆ ಸರಿಯಾಗಿ 960 ಅಂಕಿ. ಗ್ರಾಫ್ ಹಾಕಿ ಕಣ್ಣಾರೆ ನೋಡಿ. ಇಲ್ಲಿ ಸೈನ್ ಒಳಗೆ ಹಾಕುವ ಕೋನ ರೇಡಿಯನ್‌ನಲ್ಲಿರಬೇಕು, ಡಿಗ್ರಿಯಲ್ಲಲ್ಲ. 2 × ಪೈ ಬದಲು 360 ಬರೆದರೆ ಗ್ರಾಫಿನಲ್ಲಿ ಗೀಚಿದ ಹಾಗೆ ಏನೋ ಬರುತ್ತದೆ. ಡಿಪ್ಲೊಮಾ ಮಾಡಿದವರಿಗೆ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಯಾಕೆಂದರೆ ನಾನೂ ಎಡವಿದ್ದೇನೆ.

ಐದು ಸೆಕೆಂಡಿನ ಅಲೆಗೆ 2,40,000 ಸಾಲು ಆಗುತ್ತದೆ. ಕ್ಯಾಲ್ಕ್ ತಡೆದುಕೊಳ್ಳುತ್ತದೆ, ಆದರೆ ತೆವಳುತ್ತದೆ. ಹಾಗಾಗಿ ಕೈ ಕೂತ ಮೇಲೆ ಜಿಎನ್‌ಯು ಆಕ್ಟೇವ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಬನ್ನಿ. ಅದು ಉಚಿತ, ಬರೆಯುವ ರೀತಿ ಮ್ಯಾಟ್‌ಲ್ಯಾಬ್‌ನಂತೆ. ಮೂರು ಫೇಸನ್ನು ಮೂರು ಕಾಲಂ ಆಗಿ ಜೋಡಿಸಿ ಆಡಿಯೋರೈಟ್ ಅನ್ನುವ ಆಜ್ಞೆ ಕೊಟ್ಟರೆ ನೇರ ವೇವ್ ಫೈಲ್ ಸಿಗುತ್ತದೆ. ಪೈಥಾನ್ ಬರುವವರು ಅದರ ಲೆಕ್ಕದ ಲೈಬ್ರರಿ ನಂಪೈ ಬಳಸಲಿ, ಎರಡೂ ಒಂದೇ. ಇದರಲ್ಲಿ ಯಾವುದು ಮೇಲು ಅನ್ನುವ ಜಗಳಕ್ಕೆ ನಾನಂತೂ ಬರುವುದಿಲ್ಲ.

ಈಗ ನನ್ನ ಎರಡು ದಿನ ತಿಂದ ತಪ್ಪು ಕೇಳಿ. ತುಮಕೂರಿನಲ್ಲಿ ಪರಿಚಯದವರ ವರ್ಕ್‌ಶಾಪ್‌ನಲ್ಲಿ ಇಂಥದೇ ಕಾರ್ಡ್ ಪರೀಕ್ಷೆ ಮಾಡುತ್ತಿದ್ದೆ. ವೈಗೆ ಅರ್ಧ ಎತ್ತರದ ಅಲೆ ಬರೆದೆ. ಕಾರ್ಡ್ ಟ್ರಿಪ್ ಆಗಲಿಲ್ಲ. ಕಾರ್ಡಿನ ಪ್ರೋಗ್ರಾಂ ಎರಡು ಸಲ ತಿದ್ದಿಸಿದೆ. ಪಾಪ, ಬರೆದ ಹುಡುಗ ರಾತ್ರಿ ಕೂತು ತಿದ್ದಿದ. ಕೊನೆಗೆ ಆಸಿಲೋಸ್ಕೋಪ್ ಹಚ್ಚಿ ನೋಡಿದರೆ ಮೂರೂ ಫೇಸ್ ಒಂದೇ ಎತ್ತರ! ನಾನು ಬಳಸುತ್ತಿದ್ದ ಸಾಫ್ಟ್‌ವೇರ್ ಪ್ರತಿ ಅಲೆಯನ್ನೂ ಬೇರೆಬೇರೆಯಾಗಿ ಪೂರ್ತಿ ಎತ್ತರಕ್ಕೆ ಎಳೆದುಬಿಡುತ್ತಿತ್ತು. 0.5 ಅಂತ ಬರೆದರೂ ಹೊರಗೆ 1 ಬರುತ್ತಿತ್ತು. ಸೂತ್ರದಿಂದ ಅಲೆ ಮಾಡುವ ಹಲವು ಸಾಫ್ಟ್‌ವೇರ್‌ಗಳಿಗೆ ಈ ಚಾಳಿ ಇದೆ. ಕೆಲವದರಲ್ಲಿ ನಾರ್ಮಲೈಸ್ ಅನ್ನುವ ಟಿಕ್ ತೆಗೆದರೆ ನಿಲ್ಲುತ್ತದೆ, ಕೆಲವದರಲ್ಲಿ ನಿಲ್ಲುವುದೇ ಇಲ್ಲ. ನಿಮ್ಮ ಪರೀಕ್ಷೆಯ ಜೀವಾಳವೇ ಒಂದು ಫೇಸಿನ ಎತ್ತರ, ಅದನ್ನೇ ಇದು ನುಂಗುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ: ಅಳತೆ ಮೊದಲೇ ನಿಗದಿ ಮಾಡಿ. ಫೈಲಿನ 1 ಅಂದರೆ ಹೊಲದ 400 ವೋಲ್ಟ್ ಪೀಕ್ (ಅಲೆಯ ತುದಿಯ ಎತ್ತರ) ಅಂತ ಇಟ್ಟುಕೊಳ್ಳಿ. 230 ವೋಲ್ಟಿನ ಪೀಕ್ 325, ಹಾಗಾಗಿ ಒಳ್ಳೆಯ ಫೇಸ್ ಫೈಲಿನಲ್ಲಿ 0.81 ಎತ್ತರ ಇರುತ್ತದೆ, ನಿಂತ ಮೋಟಾರಿನ ವೈ 0.41. ಮೇಲೆ ಉಳಿದ ಜಾಗ ಹಾರ್ಮೋನಿಕ್ (50 ಹರ್ಟ್ಜ್‌ನ ಐದು ಪಟ್ಟು, ಏಳು ಪಟ್ಟು ಆವರ್ತನದ ಸಣ್ಣ ಅಲೆಗಳು) ಸೇರಿಸಲು ಬೇಕು. 1 ದಾಟಿದರೆ ಆಡಿಯೋರೈಟ್ ಅಲೆಯ ತಲೆ ಕತ್ತರಿಸುತ್ತದೆ.

ಹಾರ್ಮೋನಿಕ್ ಅಂದೆ. ಪಕ್ಕದಲ್ಲಿ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕಿದವರು ಇದ್ದರೆ ಐದನೆಯದು, ಏಳನೆಯದು ಲೈನಿನಲ್ಲಿ ಕಾಣುತ್ತವೆ. ಐದನೆಯದನ್ನು ಸೇರಿಸುವಾಗ ಆವರಣ ಎಲ್ಲಿ ಮುಚ್ಚುತ್ತೀರಿ ಅನ್ನುವುದು ಮುಖ್ಯ. ಮೊದಲು ಫೇಸಿನ ಕೋನ ಕಳೆದು, ಆಮೇಲೆ ಇಡೀ ಆವರಣವನ್ನು 5ರಿಂದ ಗುಣಿಸಬೇಕು. ಕೋನವನ್ನು ಹೊರಗೆ ಬಿಟ್ಟು ಆವರ್ತನವನ್ನು ಮಾತ್ರ 5ರಿಂದ ಗುಣಿಸಿದರೆ ಗ್ರಾಫ್ ಚೆನ್ನಾಗೇ ಕಾಣುತ್ತದೆ, ಆದರೆ ತಪ್ಪು. ಸರಿಯಾಗಿ ಬರೆದರೆ ಐದನೆಯದು ಆರ್-ಬಿ-ವೈ ಕ್ರಮದಲ್ಲಿ ಉಲ್ಟಾ ತಿರುಗುತ್ತದೆ, ಮೂರನೆಯದು ಮೂರೂ ಫೇಸಿನಲ್ಲಿ ಒಂದೇ ಸಮನೆ ಏರಿ ಇಳಿಯುತ್ತದೆ. ನಿಮ್ಮ ಕಾರ್ಡ್ ಸೊನ್ನೆ ದಾಟುವ ಹೊತ್ತು ನೋಡಿ ಫೇಸ್ ಕ್ರಮ ಹಿಡಿಯುವುದಾದರೆ ಈ ವ್ಯತ್ಯಾಸ ಅದಕ್ಕೆ ತಾಗುತ್ತದೆ.

ಆವರ್ತನ ಬದಲಾಯಿಸುವುದು ಇದಕ್ಕಿಂತ ದೊಡ್ಡ ಗುಂಡಿ. ನಮ್ಮ ಗ್ರಿಡ್ 49.90ರಿಂದ 50.05 ಹರ್ಟ್ಜ್ ನಡುವೆ ಇರಬೇಕು ಅನ್ನುವುದು ನಿಯಮ, ಅಲ್ಲಿ ತೊಂದರೆ ಕಡಿಮೆ. ಆದರೆ ನಿಮ್ಮ ಕಾರ್ಡನ್ನು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರೊಬ್ಬರು ಡೀಸೆಲ್ ಜನರೇಟರ್ ಮೇಲೆ ಹಾಕಿದರು ಅನ್ನಿ. ಮೋಟಾರ್ ಶುರುವಾದ ಕ್ಷಣ ಜನರೇಟರ್ ಕುಗ್ಗುತ್ತದೆ. 10 ಸೆಕೆಂಡಿನಲ್ಲಿ 50ರಿಂದ 48ಕ್ಕೆ ಇಳಿಯುವ ಅಲೆ ಬೇಕು. ಎಲ್ಲರೂ ಬರೆಯುವುದು ಹೀಗೆ: 50ರ ಜಾಗದಲ್ಲಿ 50 ಮೈನಸ್ 0.2 × ಕಾಲ. ಹಾಗೆ ಬರೆದ ಅಲೆಯನ್ನು ಅಳೆದರೆ 10ನೇ ಸೆಕೆಂಡಿನಲ್ಲಿ 48 ಇರುವುದಿಲ್ಲ, 46 ಇರುತ್ತದೆ! ಆವರ್ತನ ಅಂದರೆ ಕೋನ ಎಷ್ಟು ಬೇಗ ಬೆಳೆಯುತ್ತಿದೆ ಅನ್ನುವ ವೇಗ. ಬದಲಾಗುವ ವೇಗವನ್ನು ಒಟ್ಟು ಕಾಲದಿಂದ ಗುಣಿಸಿದರೆ ದೂರ ಸಿಗುತ್ತದಾ? ಚಿಂತಾಮಣಿಯಿಂದ ಕೋಲಾರಕ್ಕೆ ಹೋಗುವಾಗ ಕೊನೆಯಲ್ಲಿ ಮೀಟರ್ ತೋರಿದ ವೇಗವನ್ನು ಇಡೀ ಹೊತ್ತಿನಿಂದ ಗುಣಿಸಿ ದೂರ ಹೇಳಿದ ಹಾಗಾಯಿತು. ಸಣ್ಣಸಣ್ಣದಾಗಿ ಕೂಡಿಸುತ್ತಾ ಹೋಗಬೇಕು. ಕೋನಕ್ಕೆ ಬೇರೆ ಕಾಲಂ ಇಡಿ. ಪ್ರತಿ ಸಾಲಿನಲ್ಲಿ, ಹಿಂದಿನ ಸಾಲಿನ ಕೋನಕ್ಕೆ 2 × ಪೈ × ಆ ಕ್ಷಣದ ಆವರ್ತನ ÷ 48000 ಸೇರಿಸಿ. ಆಮೇಲೆ ಆ ಕೋನದ ಸೈನ್ ತೆಗೆಯಿರಿ. ಇದರಲ್ಲಿ ಅಲೆ ಎಲ್ಲೂ ಜಿಗಿಯುವುದೂ ಇಲ್ಲ.

ಜಿಗಿತ ಅಂದಾಗ ಇನ್ನೊಂದು ನೆನಪಾಯಿತು. ಫೈಲನ್ನು ಮತ್ತೆ ಮತ್ತೆ ಓಡಿಸುವಾಗ ಬಾಲ ಮತ್ತು ತಲೆ ಕೂಡಬೇಕು. 50 ಹರ್ಟ್ಜ್‌ಗೆ 960 ಅಂಕಿ ಸರಿಹೋಗುತ್ತದೆ. 49.7ಕ್ಕೆ ಒಂದು ಸೈಕಲ್ 965.79 ಅಂಕಿ ಆಗುತ್ತದೆ, ಕೂಡುವುದಿಲ್ಲ, ಪ್ರತಿ ಸಲ ಟಕ್ ಅಂತ ಒಂದು ಮೆಟ್ಟಿಲು. 10 ಸೆಕೆಂಡಿನ ಫೈಲ್ ಮಾಡಿದರೆ ಸರಿಯಾಗಿ 497 ಸೈಕಲ್, ಅಲೆ ನುಣುಪಾಗಿ ಸೇರುತ್ತದೆ.

ಇನ್ನು ಹೊರಗೆ ತರುವುದು. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಲ್ಲಿ ಎರಡೇ ಚಾನೆಲ್, ನಿಮಗೆ ಮೂರು ಬೇಕು. ಯುಎಸ್‌ಬಿ 5.1 ಸೌಂಡ್ ಕಾರ್ಡ್ ತನ್ನಿ, ಆರು ಸಿಗುತ್ತವೆ. ಆರು ಕಾಲಂ ಫೈಲ್ ಮಾಡಿ, ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ ಈ ಮೂರನ್ನು ಬಳಸಿ. ಸಬ್‌ವೂಫರ್ ಚಾನೆಲ್ ಮುಟ್ಟಬೇಡಿ, ಅದನ್ನು ಡ್ರೈವರ್ ಸೋಸುತ್ತಿರಬಹುದು. ವಿಂಡೋಸ್‌ನಲ್ಲಿ ಸೌಂಡ್ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೆಲ್ಲ ಆಫ್ ಮಾಡಿ, ರೇಟ್ 48000ಕ್ಕೇ ಇಡಿ. ಹಾಡು ಕೇಳಲು ಚೆನ್ನಾಗಿರಲಿ ಅಂತ ಅದು ಮಾಡುವ ಉಪಕಾರ ನಿಮಗೆ ಅಪಕಾರ. ವಾಲ್ಯೂಮ್ ಒಂದು ಕಡೆ ನಿಲ್ಲಿಸಿ, ಮೂರೂ ಚಾನೆಲ್ ಸ್ಕೋಪ್‌ನಲ್ಲಿ ಅಳೆದು, ಆಮೇಲೆ ಗುಂಡಿ ಮುಟ್ಟಬೇಡಿ.

ಇದನ್ನು ಕಾರ್ಡಿನಲ್ಲಿ ಎಲ್ಲಿಗೆ ಕೊಡುವುದು? ಮೇನ್ಸ್ ತುದಿಗೆ ಅಲ್ಲ. ವೋಲ್ಟೇಜ್ ಇಳಿಸುವ ರೆಸಿಸ್ಟರ್‌ಗಳ ಆಚೆ, ಮೈಕ್ರೋಕಂಟ್ರೋಲರ್ ಕಡೆ. ಅಲ್ಲಿ ಹಳೆಯ ರೆಸಿಸ್ಟರ್ ಸಂಪರ್ಕ ಬಿಚ್ಚಿ, ಒಂದು ಕೆಪಾಸಿಟರ್ ಮೂಲಕ ಕೊಟ್ಟರೆ ಕಾರ್ಡಿನ ಡಿಸಿ ಬಯಾಸ್ (ಅಲೆಯನ್ನು ಸೊನ್ನೆಗಿಂತ ಮೇಲೆ ಎತ್ತಿಡುವ ಸ್ಥಿರ ವೋಲ್ಟೇಜ್) ಹಾಗೇ ಉಳಿಯುತ್ತದೆ. ಒಂದು ಎಚ್ಚರಿಕೆ, ಇದನ್ನು ಎರಡು ಸಲ ಓದಿ: ಈ ಹೊತ್ತಿನಲ್ಲಿ ಕಾರ್ಡಿಗೆ ಮೇನ್ಸ್ ಇರಲೇಬಾರದು. ಇಂಥ ಕಾರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್‌ನಿಂದಲೇ ಪವರ್ ಇಳಿಸಿರುತ್ತಾರೆ, ಗ್ರೌಂಡ್ ಅನ್ನುವ ತಂತಿಯೇ ಲೈವ್ ಇರುತ್ತದೆ. ಅದಕ್ಕೆ ಲ್ಯಾಪ್‌ಟಾಪ್ ತಗುಲಿಸಿದರೆ ಲ್ಯಾಪ್‌ಟಾಪೂ ಹೋಗುತ್ತದೆ, ನೀವೂ ಹೋಗಬಹುದು. ಬೇರೆ 5 ವೋಲ್ಟ್ ಸಪ್ಲೈನಿಂದ ಕಾರ್ಡ್ ಓಡಿಸಿ.

ಸೌಂಡ್ ಕಾರ್ಡಿನ ಮಿತಿಯೂ ಗೊತ್ತಿರಲಿ. ಅದು ಡಿಸಿ ಬಿಡುವುದಿಲ್ಲ. ಮೋಟಾರ್ ಶುರುವಾಗುವಾಗಿನ ಕರೆಂಟಿನಲ್ಲಿ ಮೊದಲ ಕೆಲವು ಸೈಕಲ್ ಒಂದು ಕಡೆಗೆ ವಾಲಿರುತ್ತದಲ್ಲ, ಆ ವಾಲು ಕರಗಿಹೋಗುತ್ತದೆ. ಎರಡು ಅಂಕಿಗಳ ನಡುವೆ ಸುಮಾರು 21 ಮೈಕ್ರೋಸೆಕೆಂಡ್ ಇರುವುದರಿಂದ ಸಿಡಿಲಿನ ಪರೀಕ್ಷೆಗೆ ಬಳಸುವ 1.2 ಮೈಕ್ರೋಸೆಕೆಂಡಿನಲ್ಲಿ ಏರುವ ಅಲೆ ಇದರಲ್ಲಿ ಆಗದ ಮಾತು. ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗಿನ ದೊಡ್ಡ ಸ್ವಿಚ್ಚು) ಬಿಟ್ಟಾಗ ಬರುವ 2000 ಹರ್ಟ್ಜ್‌ನ ಕುಣಿತ ಬೇಕಾದರೆ ಧಾರಾಳವಾಗಿ ಆಗುತ್ತದೆ. ಸೈನ್ ಅಲೆಯನ್ನು ಕಾಲದೊಂದಿಗೆ ಕರಗುವ ಎಕ್ಸ್‌ಪೊನೆನ್ಷಿಯಲ್‌ನಿಂದ ಗುಣಿಸಿದರೆ ಸಾಕು.

ವಾಲುವ ಅಲೆ, ವೇಗದ ಅಲೆ ಬೇಕೇ ಬೇಕು ಅನಿಸಿದ ದಿನ ಆರ್ಬಿಟ್ರರಿ ವೇವ್‌ಫಾರ್ಮ್ ಜನರೇಟರ್ (ಅಂಕಿಗಳ ಪಟ್ಟಿ ಕೊಟ್ಟರೆ ಅದೇ ಅಲೆ ಹೊರಡಿಸುವ ಯಂತ್ರ) ಕೊಳ್ಳಿ. ಮೇಜಿನ ಮೇಲಿಡುವ ಸಾಮಾನ್ಯ ಮಾದರಿಗಳಲ್ಲಿ ಎರಡೇ ಚಾನೆಲ್ ಇರುವುದು ಅನ್ನುವುದು ನಿಮ್ಮ ಕೆಲಸಕ್ಕೆ ದೊಡ್ಡ ಕೊರತೆ. ಕೊಂಡರೆ ಎರಡು ಕಡೆ ಜೋಕೆ. ಅದರಲ್ಲಿ ನೀವು ಒತ್ತುವ ಆವರ್ತನ ಪೂರ್ತಿ ಪಟ್ಟಿಯದು, ಅಲೆಯದಲ್ಲ. ಪಟ್ಟಿಯಲ್ಲಿ 10 ಸೈಕಲ್ ತುಂಬಿ 50 ಅಂತ ಒತ್ತಿದರೆ ಹೊರಗೆ 500 ಹರ್ಟ್ಜ್ ಬರುತ್ತದೆ, 5 ಒತ್ತಬೇಕು. ಇನ್ನೊಂದು, ಅದು ತೋರುವ ವೋಲ್ಟೇಜ್ 50 ಓಮ್ ಲೋಡ್ ಇದೆ ಅಂತ ಲೆಕ್ಕ ಹಾಕಿದ್ದಿರಬಹುದು. ನಿಮ್ಮ ಕಾರ್ಡಿನ ಇನ್‌ಪುಟ್‌ನಲ್ಲಿ 3 ಅಂದದ್ದು 6 ಆಗಿ ಬರುತ್ತದೆ. 3.3 ವೋಲ್ಟಿನ ಪಿನ್ ಅದನ್ನು ತಾಳುವುದಿಲ್ಲ. ಮೆನುವಿನಲ್ಲಿ ಹೈ-ಝಡ್ (50 ಓಮ್ ಲೋಡ್ ಇಲ್ಲ ಅಂತ ತಿಳಿಸುವ) ಆಯ್ಕೆ ಇರುತ್ತದೆ, ಮೊದಲು ಅದನ್ನು ಒತ್ತಿ.

ಹೊಲದ ಅಲೆ ಹೇಗಿದೆ ಅಂತ ನೋಡದೆ 0.9, 10 ಡಿಗ್ರಿ ಅನ್ನುವುದೆಲ್ಲ ಊಹೆಯೇ. ಒಂದು ದಿನ ಮೂರು ಚಿಕ್ಕ 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡು ಹೋಗಿ, ಕರೆಂಟು ತೆಗೆಸಿ ಪ್ಯಾನೆಲ್‌ಗೆ ಹಚ್ಚಿ. ಅವುಗಳ ಔಟ್‌ಪುಟ್‌ಗೆ 10 ಕಿಲೋ ಓಮ್ ಮತ್ತು 1 ಕಿಲೋ ಓಮ್ ಹಾಕಿ ಹನ್ನೊಂದನೇ ಒಂದು ಭಾಗಕ್ಕೆ ಇಳಿಸಿ, ಲೈನ್-ಇನ್‌ನಲ್ಲಿ ಆಡಾಸಿಟಿಯಿಂದ ರೆಕಾರ್ಡ್ ಮಾಡಿ. ಲೈನ್-ಇನ್‌ನಲ್ಲಿ ಎರಡೇ ಚಾನೆಲ್ ಇದ್ದರೆ ಆರ್ ಮತ್ತು ವೈ ಒಂದು ಸಲ, ಆರ್ ಮತ್ತು ಬಿ ಇನ್ನೊಂದು ಸಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇರಲಿ. ಓಡುವಾಗ ಒಂದು ಫೇಸ್ ತೆಗೆದು ಕೆಲವೇ ಸೆಕೆಂಡ್ ನೋಡಿ ನಿಲ್ಲಿಸಿಬಿಡಿ. ಸಾವಿರ ಅಡಿಯಿಂದ ಮೋಟಾರ್ ಎತ್ತಿಸುವ ಖರ್ಚು ನಿಮಗೆ ನಾನು ಹೇಳಬೇಕಾಗಿಲ್ಲ. ಎತ್ತರದ ಅನುಪಾತ ಮತ್ತು ಕೋನ ಈ ರೆಕಾರ್ಡಿನಿಂದ ಸಿಗುತ್ತದೆ, ಅದನ್ನೇ ಸೂತ್ರಕ್ಕೆ ಹಾಕಿ.

ಸರ್ಕ್ಯೂಟ್ ಬಿಡಿಸಿ ಅಭ್ಯಾಸ ಇದ್ದರೆ ಎಲ್‌ಟಿಸ್ಪೈಸ್ ಅನ್ನುವ ಸರ್ಕ್ಯೂಟ್ ಸಿಮ್ಯುಲೇಟರ್ ಕೂಡ ಉಚಿತ. ಅದರಲ್ಲಿ ಸಿಮ್ಯುಲೇಟ್ ಮಾಡಿದ ವೋಲ್ಟೇಜನ್ನೇ ವೇವ್ ಫೈಲ್ ಆಗಿ ಬರೆಸಬಹುದು. ಮೈನಸ್ 1ರಿಂದ ಪ್ಲಸ್ 1 ವೋಲ್ಟ್‌ವರೆಗೆ ಮಾತ್ರ, ಅಷ್ಟು ನೆನಪಿಡಿ.

ಫೈಲುಗಳಲ್ಲಿ ಟ್ರಿಪ್ ಆಗಬಾರದ ಒಂದು ಫೈಲೂ ಇರಲಿ. ಸುಮ್‌ಸುಮ್ನೆ ಟ್ರಿಪ್ ಆಗುವ ಕಾರ್ಡನ್ನು ರೈತರು ಎರಡನೇ ದಿನವೇ ಬೈಪಾಸ್ ಮಾಡಿಬಿಡುತ್ತಾರೆ, ಟೊಮೆಟೊಗೆ ನೀರು ಬಿಡುವ ಹೊತ್ತಿನಲ್ಲಿ ಅವರದು ತಪ್ಪೂ ಅಲ್ಲ. ಆರ್‌ಗೆ 0.97, ವೈಗೆ 1, ಬಿಗೆ 1.02 ಪಟ್ಟು, ಆವರ್ತನ 49.9, ಮೇಲೆ ಐದನೇ ಹಾರ್ಮೋನಿಕ್ ನೂರಕ್ಕೆ 5. ಹತ್ತು ಸೆಕೆಂಡಿನ ಈ ಫೈಲನ್ನು ರಾತ್ರಿಯಿಡೀ ಸುತ್ತಲು ಬಿಟ್ಟು ಮನೆಗೆ ಹೋಗಿ. ಬೆಳಗ್ಗೆ ಅಂಗಡಿ ತೆರೆದಾಗ ಕಾರ್ಡಿನ ರಿಲೇ ಟ್ರಿಪ್ ಆಗದೆ ಹಾಗೇ ಹಿಡಿದಿರಬೇಕು.